ಹತ್ತು ಹಾಡಿನ ಲೆಕ್ಕ: ‘ಸ್ಟಾರ್ಮ್ಸ್ ಆಫ್ ಲೈಫ್’ ಕಲಿಯುತ್ತಾ ಹನ್ನೊಂದು ವಾರ

ವಾರ 1

ಅಮೆರಿಕದ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ ನಮ್ಮ ಹಿಂದಿನ ಬೀದಿಯ ಗರಾಜ್ ಸೇಲ್‌ನಲ್ಲಿ ಎರಡು ಡಾಲರಿಗೆ ಒಂದು ಎಲ್ಪಿ ಸಿಕ್ಕಿತು. ರ‍್ಯಾಂಡಿ ಟ್ರಾವಿಸ್‌ನ ‘ಸ್ಟಾರ್ಮ್ಸ್ ಆಫ್ ಲೈಫ್’, 1986. ವಾರ್ನರ್ ಬ್ರದರ್ಸ್‌ಗೆ ಈ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿಯ) ಗಾಯಕ ಮಾಡಿದ ಮೊದಲ ಆಲ್ಬಮ್. ಈ ಕಡೆ ಐದು, ಆ ಕಡೆ ಐದು ಹಾಡು. ಹಾಡಿದವನು ಹುಟ್ಟಿದ ಮಾರ್ಶ್‌ವಿಲ್ ಇಲ್ಲಿಂದ ಹೆದ್ದಾರಿ 74 ಹಿಡಿದು ಪೂರ್ವಕ್ಕೆ ಹೋದರೆ ಗಂಟೆಯೊಳಗೆ ಸಿಗುತ್ತದೆ. ಹುಡುಗನಾಗಿದ್ದಾಗ ಹಾಡಿನ ಸ್ಪರ್ಧೆ ಗೆದ್ದದ್ದು ಇದೇ ಶಾರ್ಲೆಟ್‌ನ ‘ಕಂಟ್ರಿ ಸಿಟಿ ಯುಎಸ್ಎ’ ಎಂಬ ಕ್ಲಬ್ಬಿನಲ್ಲಿ. ಎಂಟು ವರ್ಷದಿಂದ ಈ ಊರಲ್ಲಿದ್ದೇನೆ, ಇದೊಂದೂ ಗೊತ್ತಿರಲಿಲ್ಲ.

ನಿಯಮ ಹಾಕಿಕೊಂಡೆ: ಹತ್ತೂ ಹಾಡನ್ನು ಕಿವಿಯಲ್ಲಿ ಕೇಳಿಯೇ ಗಿಟಾರಿಗೆ ಇಳಿಸಬೇಕು. ನೆಟ್ಟಿನಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹುಡುಕುವಂತಿಲ್ಲ. ಹಾಡಲೂಬೇಕು.

ವಾರ 2

ಮೊದಲ ಹಾಡು ‘ಆನ್ ದಿ ಅದರ್ ಹ್ಯಾಂಡ್’. ಪಾಲ್ ಓವರ್‌ಸ್ಟ್ರೀಟ್, ಡಾನ್ ಶ್ಲಿಟ್ಜ್ ಇಬ್ಬರೂ ಸೇರಿ ಬರೆದದ್ದು. ಕಾರ್ಡುಗಳು ಅರ್ಧ ಗಂಟೆಯಲ್ಲಿ ಸಿಕ್ಕವು. ಇಷ್ಟೇನಾ ಅನ್ನಿಸಿತು.

ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಇಷ್ಟೇ ಅಲ್ಲ. ಟ್ರಾವಿಸ್‌ನದು ಮಂದ್ರದಲ್ಲಿ ಹಾಯಾಗಿ ಓಡಾಡುವ ದನಿ, ನನಗೆ ಅಲ್ಲಿ ಗಾಳಿ ಬಿಟ್ಟರೆ ಬೇರೇನೂ ಬರುವುದಿಲ್ಲ. ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಕ್ಲಿಪ್ಪು) ಹಾಕಿ ಎರಡು ಫ್ರೆಟ್, ಅಂದರೆ ಗಿಟಾರಿನ ಕತ್ತಿನ ಎರಡು ಮನೆ, ಮೇಲೇರಿಸಿದೆ. ಸ್ವರ ಸಿಕ್ಕಿತು, ತೂಕ ಹೋಯಿತು. ಹೆಂಡತಿ ಅಡುಗೆಮನೆಯಿಂದಲೇ, “ಬೇಜಾರಿನ ಹಾಡು ಅಂದ್ರಿ, ಹಾಲಿನವನ ಲೆಕ್ಕ ಓದಿದ ಹಾಗಿದೆ” ಅಂದಳು.

ಇದನ್ನು ಅಲ್ಲಿಗೇ ಬಿಟ್ಟು ಮುಂದಕ್ಕೆ.

ವಾರ 3

ಕೈ ಚುರುಕಾಗಲಿಲ್ಲ, ತಲೆ ಚುರುಕಾಯಿತು. ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ನ ಸ್ಟುಡಿಯೋಗಳಲ್ಲಿ ವಾದ್ಯದವರು ಕಾರ್ಡಿನ ಹೆಸರು ಬರೆಯುವುದಿಲ್ಲ, ಬರೀ ಅಂಕಿ ಬರೆಯುತ್ತಾರೆ: 1, 4, 5. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಗಾಯನ ತಂಡದ ನೀಲ್ ಮ್ಯಾಥ್ಯೂಸ್ ಶುರು ಮಾಡಿದ ಪದ್ಧತಿ. ಗಾಯಕನ ಗಂಟಲಿಗೆ ತಕ್ಕಂತೆ ಶ್ರುತಿ ಬದಲಿಸಿದರೂ ಚೀಟಿ ಬದಲಾಗುವುದಿಲ್ಲ. ನಮಗೆ ಇದರಲ್ಲಿ ಹೊಸದೇನಿದೆ? ಒಂದು ಅಂದರೆ ಷಡ್ಜ, ನಾಲ್ಕು ಅಂದರೆ ಶುದ್ಧ ಮಧ್ಯಮ, ಐದು ಪಂಚಮ. ಷಡ್ಜ ಎಲ್ಲಿಟ್ಟರೂ ಸರಿಗಮ ಸರಿಗಮವೇ. ಅಂದಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಕಾರ್ಡುಗಳೆಲ್ಲ ‘ಸ’, ‘ಮ’, ‘ಪ’. ಗಿಟಾರ್ ಬಲ್ಲ ಗೆಳೆಯನೊಬ್ಬ ನೋಡಿ ಭಜನೆ ಪುಸ್ತಕವಾ ಎಂದು ಕೇಳಿದ.

ವಾರ 4

‘1982’. ಟೆಲಿಫೋನ್ ಆಪರೇಟರಿಗೆ ಕರೆ ಮಾಡಿ, ತನ್ನನ್ನು 1982ನೇ ಇಸವಿಗೆ ಕನೆಕ್ಟ್ ಮಾಡಿಕೊಡಿ ಎಂದು ಬೇಡಿಕೊಳ್ಳುವವನ ಹಾಡು. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆಕಚೇರಿಯ ಬೆಂಚಿನ ಮೇಲೆ ಕಾದು ಕೂತವರಿಗೆ ಇದರ ವ್ಯಾಖ್ಯಾನ ಬೇಕಿಲ್ಲ. ಇದು ನನಗೆ ಬಂತು. ಹತ್ತರಲ್ಲಿ ಒಂದು ಆಯಿತು ಅಂತ ಧೈರ್ಯವಾಗಿ ಬರೆದುಕೊಂಡೆ.

ವಾರ 5

ಆಫೀಸಿನ ಕೆಲಸ. ಗಿಟಾರಿನ ಮೇಲೆ ಧೂಳು.

ವಾರ 6, 7

ಈ ಎರಡು ವಾರ ಪೂರ್ತಿ ಪೆಡಲ್ ಸ್ಟೀಲ್ ತಿಂದುಹಾಕಿತು. ಹಾಡಿನ ಸಾಲು ಮುಗಿದಲ್ಲಿ ಅಳುವ ಹಾಗೆ ಜಾರುತ್ತದಲ್ಲ, ಆ ವಾದ್ಯ. ಕೂತು ನುಡಿಸುವಂಥದ್ದು, ಸಾಮಾನ್ಯವಾಗಿ ಹತ್ತು ತಂತಿ, ಮೇಲೆ ಉಕ್ಕಿನ ಕಂಬಿ, ಕೆಳಗೆ ಪೆಡಲು, ಮೊಣಕಾಲಿನಿಂದ ತಳ್ಳುವ ಸನ್ನೆಕೋಲು. ಮೊದಲು ನಮ್ಮ ಹವಾಯಿಯನ್ ಗಿಟಾರಿನ ಮೀಂಡಿನಂತೆಯೇ ಅಂದುಕೊಂಡಿದ್ದೆ. ಅಲ್ಲ. ಕಂಬಿ ಜಾರಿಸಿದರೆ ಅದರ ಕೆಳಗಿನ ತಂತಿಗಳೆಲ್ಲ ಒಟ್ಟಿಗೇ ಜಾರುತ್ತವೆ. ಪೆಡಲ್ ಒತ್ತಿದರೆ ಅದಕ್ಕೆ ಕಟ್ಟಿದ ತಂತಿ ಮಾತ್ರ ಏರುತ್ತದೆ, ಪಕ್ಕದ್ದು ಇದ್ದಲ್ಲೇ ಇರುತ್ತದೆ. ಒಬ್ಬರು ಕೂತಿದ್ದಾಗ ಇನ್ನೊಬ್ಬರು ಎದ್ದು ಬಂದು ಪಕ್ಕ ನಿಂತ ಹಾಗೆ. ಎದೆ ಹಿಂಡುವುದು ಅಲ್ಲೇ.

ಮಾಮೂಲಿ ಗಿಟಾರಿನಲ್ಲಿ ಇದನ್ನು ನಕಲು ಮಾಡುವ ಒಂದು ಉಪಾಯವಿದೆ. ಒಂದನೇ, ಎರಡನೇ ತಂತಿಗಳನ್ನು ಎಂಟನೇ ಫ್ರೆಟ್ಟಿನಲ್ಲಿ ಕಿರುಬೆರಳಿನಿಂದ ಅಲುಗದಂತೆ ಹಿಡಿಯಬೇಕು. ಮೂರನೇ ತಂತಿಯನ್ನು ಏಳನೇ ಫ್ರೆಟ್ಟಿನಲ್ಲಿ ಮೀಟಿ, ಎರಡು ಫ್ರೆಟ್‌ನಷ್ಟು ಸ್ವರ ಏರುವವರೆಗೆ ತಳ್ಳಬೇಕು. ಮೂರೂ ಸೇರಿದಾಗ ಸಿ ಮೇಜರ್ ಕಾರ್ಡ್ ತುಂಬಿ ನಿಲ್ಲುತ್ತದೆ. ಹೇಳಲು ಸುಲಭ. ಅಕೂಸ್ಟಿಕ್ ಗಿಟಾರಿನ ಮೂರನೇ ತಂತಿ ಸುತ್ತು ಹಾಕಿದ ದಪ್ಪ ತಂತಿ. ತಳ್ಳಿ ತಳ್ಳಿ ಬೆರಳ ತುದಿ ಕೆಂಪಾಯಿತು, ಸ್ವರ ಅರ್ಧದಾರಿಯಲ್ಲೇ ಕೂತಿತು. ಇನ್ನೂ ಜೋರು ಮಾಡಿದ್ದಕ್ಕೆ ತಂತಿಯೇ ಹೋಯಿತು. ಗೆಳೆಯನ ಎಲೆಕ್ಟ್ರಿಕ್ ಗಿಟಾರ್ ಕೇಳಿ ತಂದೆ. ಅದರಲ್ಲಿ ಆ ತಂತಿ ಸುತ್ತಿಲ್ಲದ್ದು, ತೆಳ್ಳಗಿನದು. ಮೂರನೇ ದಿನ ಒಮ್ಮೆ, ಒಂದೇ ಒಂದು ಸಲ, ಸರಿಯಾಗಿ ಬಂತು. ಮನೆಯಲ್ಲಿ ಯಾರೂ ಇರಲಿಲ್ಲ.

ವಾರ 8

‘ಡಿಗಿನ್ ಅಪ್ ಬೋನ್ಸ್’. ಹೆಂಡತಿ ಬಿಟ್ಟುಹೋದ ಮೇಲೆ ಗಂಡ ರಾತ್ರಿ ಕೂತು ಹಳೆಯ ಫೋಟೋ, ಮದುವೆಯ ಉಂಗುರ ಎಲ್ಲ ಹೊರತೆಗೆಯುತ್ತಾನೆ. ಹೂತ ಮೂಳೆ ಅಗೆದಂತೆ. ಲಯ ಮಾತ್ರ ಕಾಲು ಕುಣಿಸುವಂಥದ್ದು. ಹೆಬ್ಬೆರಳಿಗೆ ಷಡ್ಜ, ಪಂಚಮ, ಷಡ್ಜ, ಪಂಚಮ, ನಡುವೆ ಮಿಕ್ಕ ಬೆರಳುಗಳಿಂದ ಚಿಕ್ಕ ಏಟು. ಐದು ವರ್ಷದ ಮಗಳು ಇದಕ್ಕೆ ಕುಣಿಯುತ್ತಾಳೆ. ಅರ್ಥ ಹೇಳಿಲ್ಲ.

‘ನೋ ಪ್ಲೇಸ್ ಲೈಕ್ ಹೋಮ್’ ಕೂಡ ಬಂತು. ‘ಸೆಂಡ್ ಮೈ ಬಾಡಿ’ ಟ್ರಾವಿಸ್ ತಾನೇ ಬರೆದದ್ದು, ಓಟ ಜಾಸ್ತಿ, ಮುಕ್ಕಾಲು ವೇಗಕ್ಕೆ ಬಂದಿದ್ದೇನೆ. ‘ಮೆಸಿನ್ ವಿತ್ ಮೈ ಮೈಂಡ್’ ನನಗೆ ಹಿಡಿಸಲಿಲ್ಲ, ಕೊನೆಗಿಟ್ಟಿದ್ದೇನೆ.

ವಾರ 9

ಆಲ್ಬಮ್ಮಿನ ಕತೆ ಓದಿದೆ. ನ್ಯಾಶ್‌ವಿಲ್‌ನಲ್ಲಿ ಟ್ರಾವಿಸ್ ‘ನ್ಯಾಶ್‌ವಿಲ್ ಪ್ಯಾಲೇಸ್’ ಕ್ಲಬ್ಬಿನ ಅಡುಗೆಮನೆಯಲ್ಲಿ ಮೀನು ಕರಿದು, ತಟ್ಟೆ ತೊಳೆದು, ನಡುವೆ ಎದ್ದು ಬಂದು ಹಾಡುತ್ತಿದ್ದ. ರೆಕಾರ್ಡ್ ಕಂಪನಿಗಳೆಲ್ಲ ವಾಪಸ್ ಕಳಿಸಿದವು. ಕಾರಣ, ಹಾಡು ಅತಿಯಾಗಿ ಕಂಟ್ರಿ! ಕಂಟ್ರಿ ಗಾಯಕನಿಗೆ. ಯಕ್ಷಗಾನದ ಭಾಗವತರಿಗೆ ಚೆಂಡೆ ಜಾಸ್ತಿಯಾಯಿತು ಅಂದಂತೆ. ಆಗ ಪಾಪ್‌ನ ಕಡೆ ವಾಲಿದ ನುಣುಪು ಹಾಡುಗಳ ಕಾಲ. ಕೊನೆಗೆ ವಾರ್ನರ್‌ನ ಮಾರ್ಥಾ ಶಾರ್ಪ್ ಒಪ್ಪಿಕೊಂಡರು, ನಿರ್ಮಾಪಕ ಕೈಲ್ ಲೇನಿಂಗ್ ಫಿಡಲನ್ನೂ ಸ್ಟೀಲನ್ನೂ ಮುಂದಕ್ಕೇ ಕೂರಿಸಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು: 1985ರಲ್ಲಿ ‘ಆನ್ ದಿ ಅದರ್ ಹ್ಯಾಂಡ್’ ಸಿಂಗಲ್ (ಒಂಟಿ ಹಾಡಿನ ರೆಕಾರ್ಡ್) ಆಗಿ ಬಂದಾಗ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 67ಕ್ಕೆ ನಿಂತು ಇಳಿದುಹೋಯಿತು. ಆಮೇಲೆ ‘1982’ ಬಿಟ್ಟರು, ಅದು 6ಕ್ಕೆ ಏರಿತು. ಆಗ ಅದೇ ಸೋತ ಹಾಡನ್ನು ಮತ್ತೆ ಬಿಟ್ಟರು. 1986ರ ಜುಲೈನಲ್ಲಿ ಒಂದನೇ ಸ್ಥಾನ. ಆಲ್ಬಮ್ಮಿನ ಮಾರಾಟ ಅಮೆರಿಕದಲ್ಲಿ ಮೂವತ್ತು ಲಕ್ಷ ಪ್ರತಿ ದಾಟಿತು.

2013ರಲ್ಲಿ ಪಾರ್ಶ್ವವಾಯು ಬಡಿದು ಆ ದನಿ ಹೋಯಿತು. 2024ರಲ್ಲಿ ಹಳೆಯ ರೆಕಾರ್ಡಿಂಗ್‌ಗಳಿಂದ ಎಐ ಮೂಲಕ ದನಿ ಕಟ್ಟಿ ಹೊಸ ಹಾಡು ತಂದರು. ಒಮ್ಮೆ ಕೇಳಿದೆ. ಮತ್ತೆ ಎಲ್ಪಿಗೇ ಮುಳ್ಳು ಇಟ್ಟೆ.

ವಾರ 10

ಭಾನುವಾರ ಅರಸೀಕೆರೆಗೆ ವಿಡಿಯೋ ಕಾಲ್. ಅಮ್ಮನಿಗೆ ಮದುವೆಗೆ ಮುಂಚೆ ಸಂಗೀತ ಪಾಠ ಆಗಿತ್ತು. ಮೊದಲು ಟ್ರಾವಿಸ್‌ನದು ಕೇಳಿಸಿ, ಆಮೇಲೆ ಅದೇ ‘ಆನ್ ದಿ ಅದರ್ ಹ್ಯಾಂಡ್’ ನಾನು ಹಾಡಿದೆ. ಇಂಗ್ಲಿಷ್ ಮಾತು ಅವರಿಗೆ ಬೇಕಿರಲಿಲ್ಲ.

“ನೀನು ಕೊನೇಲಿ ಇಳಿಯೋವಾಗ ಅವಸರ ಮಾಡ್ತೀಯ ಕಣೋ. ಆ ಹುಡುಗ ನೋಡು, ಇಳಿದು ಅಲ್ಲೇ ಕೂತ್ಕೋತಾನೆ. ಕೂರೋಕೆ ಮುಂಚೆ ಸ್ವಲ್ಪ ಅಲುಗಾಡಿಸ್ತಾನೆ.”

“ಗಮಕ ಅಂತೀಯಾ?”

“ಹೆಸರು ಏನಾದ್ರೂ ಇಟ್ಕೋ. ಉಸಿರು ಮೊದಲೇ ಉಳಿಸ್ಕೋ.”

ಆ ಹುಡುಗನಿಗೆ ಈಗ ಅರವತ್ತೈದು ದಾಟಿದೆ ಅಂತ ಹೇಳಲಿಲ್ಲ.

ವಾರ 11

ಹಾಡಿನ ಚಮತ್ಕಾರ ಇರುವುದೇ ಆ ಕೊನೆಯಲ್ಲಿ. ‘ಆನ್ ದಿ ಅದರ್ ಹ್ಯಾಂಡ್’ ಅಂದರೆ ಇಂಗ್ಲಿಷಿನಲ್ಲಿ ‘ಹಾಗಿದ್ದರೂ ಇನ್ನೊಂದು ಕಡೆಯಿಂದ ನೋಡಿದರೆ’ ಎಂಬ ಸವಕಲು ಮಾತು. ಪರಸ್ತ್ರೀಯ ಜೊತೆ ಕೂತವನು ಹೋಗಲು, ಬಿಡಲು ಕಾರಣ ಎಣಿಸುತ್ತಾ ಬಂದು, ಇನ್ನೊಂದು ಕೈಯಲ್ಲಿ ನಿಜಕ್ಕೂ ಮದುವೆಯ ಉಂಗುರವಿದೆ ಅನ್ನುವಲ್ಲಿಗೆ ಇಳಿಯುತ್ತಾನೆ. ನಾನು ಅಷ್ಟು ದಿನ ಆ ಉಂಗುರವನ್ನು ಓಡುತ್ತಾ ದಾಟಿಬಿಡುತ್ತಿದ್ದೆ.

ಕೇಪೋ ಎರಡರಿಂದ ಒಂದಕ್ಕೆ ತಂದೆ. ಹಿಂದಿನ ಸಾಲಿನ ಕೊನೆಯ ಪದ ಮೊಟಕು ಮಾಡಿ ಉಸಿರು ತೆಗೆದುಕೊಂಡೆ, ಇಳಿದೆ, ಕೂತೆ. ನಿನ್ನೆ ರಾತ್ರಿಯ ಆರನೇ ರೆಕಾರ್ಡಿಂಗ್ ಅಳಿಸದೆ ಇಟ್ಟಿದ್ದೇನೆ. ಹೆಂಡತಿ ಏನೂ ಹೇಳಲಿಲ್ಲ, ಆದರೆ ಮಿಕ್ಸಿ ನಿಲ್ಲಿಸಿದಳು.

ಆದದ್ದು ನಾಲ್ಕು, ಮುಕ್ಕಾಲು ಒಂದು, ಉಳಿದದ್ದು ಐದು. ಗೆಳೆಯ ಗಿಟಾರ್ ವಾಪಸ್ ಕೇಳುತ್ತಿದ್ದಾನೆ. ತೆಳ್ಳಗಿನ ಮೂರನೇ ತಂತಿಗಳನ್ನು ಆರ್ಡರ್ ಮಾಡಿದ್ದೇನೆ, ಗುರುವಾರ ಬರಬೇಕು.