ಹವಾಸಾದ ಹೊಲಿಗೆ ಲೈನ್‌ನಲ್ಲಿ ಕೆಲಸ ಕಲಿಸೋದು ಅಂದ್ರೆ

ಗಾರ್ಮೆಂಟ್ಸ್ ಫೀಲ್ಡ್‌ನಲ್ಲಿರೋರಿಗೆ, ಅದರಲ್ಲೂ ಆಫ್ರಿಕಾ ಕಡೆ ಆಫರ್ ಬಂದು ಹೋಗ್ಲೋ ಬೇಡ್ವೋ ಅಂತಿರೋರಿಗೆ ಇದನ್ನ ಬರೀತಿದ್ದೀನಿ. ಪೀಣ್ಯದಲ್ಲಿ ಫ್ಲೋರ್ ಇನ್‌ಚಾರ್ಜ್ ಆಗಿದ್ದು ಆಮೇಲೆ ಇಥಿಯೋಪಿಯಾದ ಹವಾಸಾಗೆ ಪ್ರೊಡಕ್ಷನ್ ಮ್ಯಾನೇಜರ್ ಆಗಿ ಹೋದೋನು ನಾನು. ಅಡಿಸ್ ಅಬಾಬಾದಿಂದ ದಕ್ಷಿಣಕ್ಕೆ ಸುಮಾರು 275 ಕಿಲೋಮೀಟರ್, ಸರೋವರದ ದಂಡೆ ಮೇಲಿರೋ ಊರು, 2016ರಲ್ಲಿ ಸರ್ಕಾರ ಅಲ್ಲಿ ಬಟ್ಟೆ ಉದ್ಯಮಕ್ಕೇ ಅಂತ ಒಂದು ಇಂಡಸ್ಟ್ರಿಯಲ್ ಪಾರ್ಕ್ ಶುರು ಮಾಡ್ತು. ಶೆಡ್ ಒಳಗೆ ಹೋದ್ರೆ ಮ್ಯಾನೇಜರ್‌ಗಳಲ್ಲಿ ಇಂಡಿಯಾ, ಶ್ರೀಲಂಕಾ, ಚೀನಾದವರೇ ಜಾಸ್ತಿ, ಮೆಷಿನ್ ಮುಂದೆ ಕೂತಿರೋರು ಸುತ್ತಲಿನ ಸಿಡಾಮ ಪ್ರದೇಶದ ಹಳ್ಳಿಗಳಿಂದ ಬಂದ ಚಿಕ್ಕ ವಯಸ್ಸಿನ ಹುಡುಗೀರು, ಎಷ್ಟೋ ಜನಕ್ಕೆ ಅದೇ ಮೊದಲ ಸಂಬಳದ ಕೆಲಸ.

ಅಲ್ಲಿನ ಹೂಡಿಕೆ ಕಾನೂನಲ್ಲೇ ಒಂದು ಮಾತಿದೆ. ಹೊರದೇಶದವರನ್ನ ಕೆಲಸಕ್ಕೆ ಕರೆಸಿದ ಕಂಪನಿ, ಟ್ರೇನಿಂಗ್ ಕೊಟ್ಟು ಒಂದು ಅವಧಿಯೊಳಗೆ ಆ ಜಾಗಕ್ಕೆ ಇಥಿಯೋಪಿಯಾದವರನ್ನೇ ತರಬೇಕು. ಅಂದ್ರೆ ಕಾಗದದ ಮೇಲೆ ನನ್ನ ಸೀಟಿಗೆ ಇನ್ನೊಬ್ರನ್ನ ತಯಾರು ಮಾಡೋದು ನನ್ನ ಕೆಲಸದ ಭಾಗ. ಆದ್ರೆ ದಿನಾ ಸಂಜೆ ನನ್ನನ್ನ ಕೇಳ್ತಿದ್ದದ್ದು ಎರಡೇ ಪ್ರಶ್ನೆ, ಎಷ್ಟು ಪೀಸ್ ಬಂತು, ಎಫಿಷಿಯೆನ್ಸಿ ಎಷ್ಟು. ಯಾರು ಏನು ಕಲಿತ್ರು ಅಂತ ಯಾರೂ ಕೇಳಲ್ಲ. ಒಂದಿನ ಊಟಕ್ಕೆ ಕೂತಾಗ ಜೊತೇಲಿದ್ದ ಒಬ್ರು ನೇರವಾಗಿ ಕೇಳಿದ್ರು, ಎಲ್ಲಾ ಹೇಳ್ಕೊಟ್ಬಿಟ್ರೆ ನಮ್ಮ ಕಾಂಟ್ರ್ಯಾಕ್ಟ್ ರಿನ್ಯೂ ಮಾಡ್ತಾರಾ ಸರ್ ಅಂತ. ಊರಲ್ಲಿ ಮನೆ ಸಾಲ, ಮಕ್ಕಳ ಫೀಸು ಇಟ್ಕೊಂಡು ಬಂದಿರೋ ಮನುಷ್ಯ, ಆ ಭಯ ತಪ್ಪು ಅಂತ ನಾನು ಹೇಳಲ್ಲ. ಕಲಿಸಿದವನಿಗೇ ನಷ್ಟ ಆಗೋ ಹಾಗೆ ಕಂಪನಿ ವ್ಯವಸ್ಥೆ ಇಟ್ರೆ ಕಲಿಸೋದು ಅಲ್ಲೇ ನಿಂತೋಗುತ್ತೆ, ಇದನ್ನ ಮೇಲಿನವರು ಒಪ್ಕೋಬೇಕು.

ಟ್ರೇನಿಂಗ್ ನಡೀತಾ ಇರ್ಲಿಲ್ಲ ಅಂತಲ್ಲ. ರೂಮಲ್ಲಿ ಕೂರಿಸಿ ಪಿಪಿಟಿ ತೋರಿಸಿ ಸೈನ್ ತಗೊಂಡು ಫೈಲ್‌ಗೆ ಹಾಕೋದು, ಆಡಿಟ್‌ಗೆ ಅಷ್ಟು ಸಾಕು. ಮೆಷಿನ್ ಪಕ್ಕ ನೇತಾಕಿದ್ದ ಶೀಟಲ್ಲಿ ಟೆನ್ಷನ್ (ದಾರದ ಬಿಗಿ) ಸರಿಯಾಗಿ ಅಡ್ಜಸ್ಟ್ ಮಾಡಿ ಅಂತ ಇತ್ತು, ಸರಿ ಅಂದ್ರೆ ಎಷ್ಟು? ಪೀಣ್ಯದಲ್ಲಿ ನನಗೆ ಒಬ್ರು ಹಳೇ ಮೆಕ್ಯಾನಿಕ್ ಕಲಿಸಿದ್ದು ಹೀಗೆ: ಬಾಬಿನ್ ಕೇಸನ್ನ (ಕೆಳಗಿನ ದಾರದ ಸುರುಳಿ ಇರೋ ಪುಟ್ಟ ಡಬ್ಬಿ) ದಾರದಲ್ಲೇ ನೇತಾಡಿಸಿ ಹಿಡ್ಕೋ, ತಾನಾಗೇ ಜಾರಬಾರದು, ಕೈ ಸಣ್ಣಗೆ ಜಗ್ಗಿದ್ರೆ ಒಂಚೂರು ಇಳಿದು ನಿಲ್ಲಬೇಕು. ಸರ್ರಂತ ಇಳಿದ್ರೆ ಲೂಸು, ಅಲ್ಲಾಡದೇ ಇದ್ರೆ ಟೈಟು. ಇದನ್ನ ಹವಾಸಾದಲ್ಲಿ ಒಬ್ಬೊಬ್ಬರ ಕೈಗೂ ಕೊಟ್ಟು ಮಾಡಿಸಿದ್ವಿ, ಭಾಷೆ ಬೇಕೇ ಆಗ್ಲಿಲ್ಲ, ಆಮೇಲೆ ಸೀಮ್ ಸುಕ್ಕು ಬಂದ್ರೆ ಮೆಕ್ಯಾನಿಕ್‌ನ ಕೂಗೋ ಬದಲು ಮೊದಲು ತಾವೇ ಬಾಬಿನ್ ತೆಗೆದು ನೋಡೋಕೆ ಶುರು ಮಾಡಿದ್ರು.

ಕೈಕೆಲಸ ಕಲಿಸೋದು ಅಷ್ಟು ಕಷ್ಟ ಇಲ್ಲ. ಕಷ್ಟ ಇರೋದು ತೀರ್ಮಾನ ಬಿಟ್ಟುಕೊಡೋದ್ರಲ್ಲಿ. ಶರ್ಟ್ ಲೈನ್‌ನಲ್ಲಿ ಕಾಲರ್ ಅಟ್ಯಾಚ್, ಅಂದ್ರೆ ಶರ್ಟಿಗೆ ಕಾಲರ್ ಸೇರಿಸೋ ಮೆಷಿನ್ ಹತ್ರ, ಹೊಲಿಯೋಕಿರೋ ಪೀಸ್‌ಗಳ ಬಂಡಲ್ ರಾಶಿ ಬೀಳ್ತಿತ್ತು. ನಮ್ಮೋರ ಅಭ್ಯಾಸ ಗೊತ್ತಲ್ಲ, ಸ್ಟಾಪ್‌ವಾಚ್ ಹಿಡಿದು ಸೈಕಲ್ ಟೈಮ್ (ಒಂದು ಪೀಸ್‌ಗೆ ಹಿಡಿಯೋ ಸಮಯ) ತಗೊಂಡು ಸ್ಪೀಡ್ ಇರೋ ಹುಡುಗೀನ ಎತ್ತಿ ಅಲ್ಲಿ ಕೂರಿಸೋದು. ಅವತ್ತು ಅದನ್ನ ಅಲ್ಲಿನ ಸೂಪರ್‌ವೈಸರ್ ಹುಡುಗಿಗೇ ಬಿಟ್ಟೆ, ಯಾರನ್ನ ಎಲ್ಲಿ ಕೂರಿಸ್ಬೇಕು ಅಂತ ನೋಡಿ ನೀನೇ ಬ್ಯಾಲೆನ್ಸ್ ಮಾಡಮ್ಮ, ನಾನು ನಡುವೆ ಬರಲ್ಲ ಅಂತ. ಅವಳು ಟೈಮಿಂಗ್ ಶೀಟಲ್ಲಿ ನಿಧಾನ ಅಂತ ಇದ್ದ ಒಬ್ಬಳನ್ನ ಕಾಲರ್‌ಗೆ ಹಾಕಿದ್ಲು. ಯಾಕೆ ಅಂತ ಕೇಳಿದ್ದಕ್ಕೆ ಹೇಳಿದ್ಲು, ಆ ಸ್ಪೀಡ್ ಹುಡುಗಿ ಹೊಲಿದಿದ್ರಲ್ಲಿ ಅರ್ಧ ಆಲ್ಟ್ರೇಷನ್‌ಗೆ ವಾಪಸ್ ಬರುತ್ತೆ, ಅದನ್ನ ಬಿಚ್ಚೋಕೇ ಟೈಮ್ ಹೋಗ್ತಿದೆ, ಇವಳದ್ದು ಒಂದೂ ವಾಪಸ್ ಬರಲ್ಲ. ಸಂಜೆ ಹೊತ್ತಿಗೆ ರಾಶಿ ಕರಗಿತ್ತು. ಯಾರು ಕಾಫಿ ಕೊಯ್ಲಿಗೆ ಊರಿಗೆ ಹೋಗ್ತಾರೆ, ಯಾರ ಜೊತೆ ಯಾರು ರೂಮ್ ಹಂಚ್ಕೊಂಡಿದ್ದಾರೆ, ಒಬ್ಬಳು ಕೆಲಸ ಬಿಟ್ರೆ ಹಿಂದೆ ಇನ್ನ್ಯಾರು ಹೋಗ್ತಾರೆ, ಎಲ್ಲಾ ಅವಳಿಗೆ ಗೊತ್ತು. ಇನ್ನೊಂದು ವಿಷ್ಯ, ಜಪಾನ್ ನೆರವಿನಿಂದ 2009ರಲ್ಲೇ ಇಥಿಯೋಪಿಯಾದಲ್ಲಿ ಕೈಜನ್ (ಕೆಲಸದ ರೀತಿನ ದಿನಾ ಸ್ವಲ್ಪ ಸ್ವಲ್ಪ ಸುಧಾರಿಸ್ಕೊಂಡು ಹೋಗೋ ಜಪಾನಿ ಪದ್ಧತಿ) ಶುರುವಾಗಿ 2011ರಲ್ಲಿ ಅದಕ್ಕೇ ಒಂದು ಸರ್ಕಾರಿ ಸಂಸ್ಥೆ ಆಗಿತ್ತು, ನಮ್ಮ ಸೂಪರ್‌ವೈಸರ್‌ಗಳಲ್ಲಿ ಕೆಲವರು ಅದನ್ನ ಕಾಲೇಜಲ್ಲೇ ಓದ್ಕೊಂಡು ಬಂದಿದ್ರು. ಏನೂ ಗೊತ್ತಿಲ್ಲದವರಿಗೆ ಕಲಿಸ್ತಿದ್ದೀವಿ ಅನ್ಕೊಂಡು ಹೋಗೋದೇ ಸರಿಯಲ್ಲ.

ಕೂಗಾಡೋ ವಿಷ್ಯವನ್ನೂ ಹೇಳ್ಬೇಕು. ನಮ್ಮ ಫ್ಲೋರ್‌ಗಳ ಆ ಕೆಟ್ಟ ಚಾಳಿನ ಎಷ್ಟೋ ಜನ ಅಲ್ಲಿಗೂ ತಗೊಂಡು ಹೋಗಿದ್ರು. ಬೈಸ್ಕೊಂಡ ಹುಡುಗಿ ತಿರುಗಿ ಮಾತಾಡಲ್ಲ, ಮಾರನೇ ದಿನ ಬರೋದೇ ಇಲ್ಲ. 2019ರಲ್ಲಿ ನ್ಯೂಯಾರ್ಕ್ ಯೂನಿವರ್ಸಿಟಿಯವರ ರಿಪೋರ್ಟ್ ಒಂದ್ರಲ್ಲಿ ಅಲ್ಲಿನ ಮೂಲವೇತನ ತಿಂಗಳಿಗೆ 26 ಡಾಲರ್ ಅಂತ ಬಂದಿತ್ತು. ಅಷ್ಟು ಸಂಬಳಕ್ಕೆ ಬೈಗುಳ ಬೇರೆ ಯಾರು ತಿಂತಾರೆ? ಅವಳ ಜೊತೆ ಅಷ್ಟು ದಿನ ಕಲಿಸಿದ್ದೂ ಗೇಟ್ ದಾಟಿ ಹೋಗುತ್ತೆ.

2021ರ ನವೆಂಬರ್‌ನಲ್ಲಿ ಪಾರ್ಕಿನ ಮುಖ್ಯ ಕಂಪನಿಯಾಗಿದ್ದ ಅಮೆರಿಕದ ಬಟ್ಟೆ ಕಂಪನಿ ಪಿವಿಎಚ್, ದೇಶದ ಉತ್ತರದಲ್ಲಿ ಶುರುವಾಗಿದ್ದ ಟಿಗ್ರೇ ಯುದ್ಧದ ಪರಿಸ್ಥಿತಿ ನೋಡಿ ತನ್ನ ಫ್ಯಾಕ್ಟರಿ ಮುಚ್ತೀವಿ ಅಂತು. 2022ರ ಜನವರಿ 1ರಿಂದ ಅಮೆರಿಕ ಕೊಡ್ತಿದ್ದ ಸುಂಕ ವಿನಾಯಿತಿನೂ ಹೋಯ್ತು. ಅಂಥ ಹೊತ್ತಲ್ಲಿ ನಾವು ಫ್ಲೈಟ್ ಹತ್ತಿ ಊರಿಗೆ ಬರಬಹುದು, ಅಲ್ಲೇ ಇರೋ ಸೂಪರ್‌ವೈಸರ್‌ಗೆ ಹೊಸ ಸ್ಟೈಲ್ ಬಂದಾಗ ಲೈನ್ ಹಾಕೋಕೆ ಬರಬೇಕು, ಬಯರ್ ಹತ್ರ ಡೇಟ್ ಮಾತಾಡೋಕೆ ಬರಬೇಕು, ಅದನ್ನ ನಾವಿದ್ದಾಗಲೇ ಅವರ ಕೈಯಲ್ಲಿ ಮಾಡಿಸಿರಬೇಕು. ಹಾಗಾಗಿ ಈಗ ಹೋಗ್ತಿರೋರು ಆಫರ್ ಲೆಟರ್ ಕೈಗೆ ಬಂದಾಗ ಸಂಬಳ, ರೂಮು, ಟಿಕೆಟ್ ಜೊತೆಗೆ ಇದನ್ನೂ ಕೇಳಿ: ನನ್ನ ಜಾಗಕ್ಕೆ ಯಾರನ್ನ ತಯಾರು ಮಾಡ್ಬೇಕು, ಅವರ ಹೆಸರೇನು, ಅವರು ನಿಭಾಯಿಸೋ ಹಾಗಾದ ದಿನ ನನ್ನನ್ನ ಮನೆಗೆ ಕಳಿಸ್ತೀರೋ ಬೋನಸ್ ಕೊಟ್ಟು ಮುಂದಿನ ಫ್ಯಾಕ್ಟರಿಗೆ ಕಳಿಸ್ತೀರೋ. ಉತ್ತರನ ಲೆಟರಲ್ಲೇ ಬರೆಸ್ಕೊಳ್ಳಿ.