ಪೆಟ್ಟಿಗೆಯೊಳಗೆ ಬೆವೆತ ಭೂಮಣ್ಣಿ ಬುಟ್ಟಿ

ಬಿವಿಎ (ದೃಶ್ಯಕಲೆ ಪದವಿ) ಕೊನೆಯ ವರ್ಷದ ಮಕ್ಕಳ ಪ್ರದರ್ಶನ ಬಂತೆಂದರೆ ಗ್ಯಾಲರಿಯಲ್ಲಿ ನನಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಹೆಸರಿಗೆ ಸಹಾಯಕ. ಮೊಳೆ ಹೊಡೆಯುವುದು, ಲೇಬಲ್ ಮಾಡುವುದು, ‘ಸಾರ್, ನಂದು ಮೂಲೆಗೆ ಹೋಯ್ತು’ ಅನ್ನುವ ಮುನಿಸು ಕೇಳುವುದು ಎಲ್ಲ ನನ್ನದೇ. ಚಿತ್ರದ ನಡುಮಧ್ಯ ನೆಲದಿಂದ 58 ಇಂಚಿಗೆ ಬಂದರೆ ಗೋಡೆ ಕೆಲಸ ಮುಗಿಯಿತು. ಈ ಸಲ ನನ್ನನ್ನು ಕೆಡವಿದ್ದು ಒಂದು ಬುಟ್ಟಿ.

ಸೊರಬ ಕಡೆಯ ಹುಡುಗಿಯೊಬ್ಬಳು ಭೂಮಣ್ಣಿ ಬುಟ್ಟಿ ಮಾಡಿದ್ದಳು. ಭೂಮಿ ಹುಣ್ಣಿಮೆಗೆ ದೀವರ ಸಮುದಾಯದ ಮನೆಗಳಿಂದ ಚರಗ, ಅಂದರೆ ಭೂಮಿತಾಯಿಗೆ ಬೀರುವ ಎಡೆ, ಹೊತ್ತು ಗದ್ದೆಗೆ ಹೋಗುವ ಬುಟ್ಟಿ. ಬಿದಿರಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನಿಂದ ಎಳೆದ ಚಿತ್ತಾರ. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಶಾವಿಗೆಯಷ್ಟು ಸಣ್ಣ ಎಳೆ, ಒಂದೂ ನಡುಗಿಲ್ಲ.

ಜನ ಮುಟ್ಟುತ್ತಾರೆಂದು ಅಕ್ರಿಲಿಕ್ ಪೆಟ್ಟಿಗೆ ಕವುಚಿ ಅಂಚಿಗೆಲ್ಲ ಟೇಪ್ ಹಾಕಿದೆ. ಜೂನ್ ಮೊದಲ ವಾರ, ಮಳೆ ಹಿಡಿದಿತ್ತು. ಮೂರನೇ ದಿನ ಬೀಗ ತೆಗೆದರೆ ಪೆಟ್ಟಿಗೆಯ ಒಳಮೈಯಲ್ಲಿ ಹನಿ. ಐದನೇ ದಿನ ಬಿಳಿ ಎಳೆಗಳ ಮೇಲೆ ಬೂದು ಬಣ್ಣದ ನವಿರು. ಬುಟ್ಟಿ ಒಳಗೊಳಗೇ ಹಸಿಯಿತ್ತು; ಹಗಲು ದೀಪದ ಬಿಸಿಗೆ ಬಿಟ್ಟ ತೇವ ರಾತ್ರಿ ತಣ್ಣಗಾದಾಗ ಹೋಗಲು ದಾರಿಯಿಲ್ಲದೆ ಅಲ್ಲೇ ನೀರಾಗಿತ್ತು. ಬೂಷ್ಟಿಗೆ ಅಕ್ಕಿ ಹಿಟ್ಟು ಸಿಕ್ಕಿದ ಮೇಲೆ ಕೇಳಬೇಕೆ? ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಇಟ್ಟೆ. ಮಲೆನಾಡಿನ ಮಳೆಗಾಲಕ್ಕೆ ಅದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಹುಡುಗಿ ಒಂದು ಮಾತೂ ಆಡಲಿಲ್ಲ. ಭಾನುವಾರ ಅಜ್ಜಿಯನ್ನು ಬಸ್ಸಿನಲ್ಲಿ ಕರೆತಂದಳು.

‘ಇದನ್ನ ಯಾಕೆ ಕೂಡಿ ಹಾಕೀರಿ?’ ಅಂದರು ಅಜ್ಜಿ. ಅವರ ಮನೆಯಲ್ಲಿ ಬುಟ್ಟಿ ಇರುವುದು ಒಲೆ ಮೇಲಿನ ಅಟ್ಟದಲ್ಲಂತೆ, ಹೊಗೆಯಲ್ಲಿ. ಆಮೇಲೆ ಮೊಮ್ಮಗಳಿಂದ ಲೇಬಲ್ ಓದಿಸಿದರು. ‘ಮಿಶ್ರ ಮಾಧ್ಯಮ’ ಅಂತ ಹಾಕಿದ್ದೆ. ನಮ್ಮ ಫಾರಂನಲ್ಲಿ ತೈಲವರ್ಣ, ಜಲವರ್ಣ, ಅಕ್ರಿಲಿಕ್ ಬಿಟ್ಟು ಏನು ಬಂದರೂ ಆ ಒಂದೇ ಗೂಡಿಗೆ ತಳ್ಳುವುದು ರೂಢಿ.

‘ಎಂಥ ಮಿಶ್ರ? ಮಣ್ಣು ಮಣ್ಣೇ, ಅಕ್ಕಿ ಅಕ್ಕಿಯೇ.’

ಕೂತು ಒಂದೊಂದೇ ಹೇಳಿಸಿಕೊಂಡೆ. ಕೆಂಪು ಕೆಮ್ಮಣ್ಣು, ಬಿಳಿ ಅಕ್ಕಿ, ಹಳದಿ ಗುರಿಗೆ ಬೀಜ, ಕಪ್ಪು ಸೀಯಿಸಿದ ಅಕ್ಕಿ. ಹೊಸ ಲೇಬಲ್ ಬರೆಯುವಾಗಲೇ ನಾಚಿಕೆಯಾಯಿತು. ಇದನ್ನೇ ಪ್ರದರ್ಶನಕ್ಕೆ ಮೊದಲು ಕೇಳಿದ್ದರೆ ಟೇಪ್ ಸುತ್ತಲು ನನ್ನ ಕೈಯೇ ಏಳುತ್ತಿರಲಿಲ್ಲ. ಈಗ ಫಾರಂನಲ್ಲಿ ‘ಯಾವುದರಿಂದ ಮಾಡಿದ್ದು, ಮನೆಯಲ್ಲಿ ಎಲ್ಲಿಡುತ್ತೀರಿ’ ಎಂಬ ಸಾಲಿದೆ. ಮಕ್ಕಳು ನಗುತ್ತಾರೆ, ನಗಲಿ.

ಪೆಟ್ಟಿಗೆ ತೆಗೆದು ಸುತ್ತ ಹಗ್ಗ ಕಟ್ಟಿದೆವು. ಅಜ್ಜಿ ಒಣಬಟ್ಟೆಯಲ್ಲಿ ಬೂಷ್ಟು ಒರೆಸುವಾಗ ಚಿತ್ತಾರದ ಎತ್ತಿನ ಗಾಡಿಯ ಒಂದು ಚಕ್ರವೂ ಜೊತೆಗೇ ಬಂತು. ನಾನು ಪೆಚ್ಚಾಗಿ ನಿಂತಿದ್ದೆ.

‘ಬಿಡಿ, ಹುಣ್ಣಿಮೆಗೆ ಹೆಂಗೂ ಹೊಸದಾಗಿ ಬರೀಬೇಕು’ ಅಂದು ಚೀಲ ಬಿಚ್ಚಿ ಎಲೆಯಡಿಕೆ ಹುಡುಕತೊಡಗಿದರು.