ಕೌಲ್ ಬಜಾರಿನ ಹೊಲಿಗೆ ಯಂತ್ರಗಳ ಸದ್ದು

ಕಳೆದ ಬೇಸಿಗೆಯಲ್ಲಿ ನಾವು ಮೂವರು ಗೆಳೆಯರು ಸೇರಿ ಬಳ್ಳಾರಿಯ 13ರಿಂದ 17 ವರ್ಷದೊಳಗಿನ 16 ಮಕ್ಕಳಿಗೆ 12 ದಿನಗಳ ಸಿನಿಮಾ ಶಿಬಿರವೊಂದನ್ನು ನಡೆಸಿದೆವು. ಮದುವೆಯ ವಿಡಿಯೊಗಳನ್ನು ಎಡಿಟಿಂಗ್ ಮಾಡಿ ಜೀವನ ಸಾಗಿಸುವವನು ನಾನು. ಆ ಕೆಲಸದಲ್ಲಿ ಸ್ಥಳದ ಸದ್ದನ್ನೆಲ್ಲ ಅಳಿಸಿ ಮೇಲೆ ಹಾಡು ಹಾಕುವುದೇ ರೂಢಿಯಾದ್ದರಿಂದ, ಧ್ವನಿಯ ವಿಷಯದಲ್ಲಿ ನಾನೂ ಆ ಮಕ್ಕಳಷ್ಟೇ ಹೊಸಬನಾಗಿದ್ದೆ.

ಕ್ಯಾಮೆರಾ ಎಂದರೆ ಮನೆಯವರಿಂದ ಬೇಡಿ ತಂದ ಮೊಬೈಲ್‌ಗಳು. 40 ಡಿಗ್ರಿ ಮುಟ್ಟುವ ಬಿಸಿಲಿನಲ್ಲಿ ಅವು ಕಾದು ತಾವಾಗಿಯೇ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತಿದ್ದುದರಿಂದ, ಹೊರಗಿನ ಚಿತ್ರೀಕರಣವನ್ನೆಲ್ಲ ಬೆಳಿಗ್ಗೆ 9ರೊಳಗೆ ಮುಗಿಸಬೇಕಾಗುತ್ತಿತ್ತು. ಮೂರು ಗುಂಪುಗಳು ಕೋಟೆ ಗುಡ್ಡಕ್ಕೆ ಹೋದವು. ನಾಲ್ಕನೆಯದು ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಯೂನಿಟ್ಟೊಂದನ್ನು ಆರಿಸಿಕೊಂಡಿತು. ಆ ಗುಂಪಿನ ಹುಡುಗನೊಬ್ಬನ ತಂದೆ ಅಲ್ಲಿಯೇ ಟೈಲರ್.

ಒಳಗೆ ಹೋದ ಮೊದಲ ದಿನ ಚಿತ್ರದ ತುಂಬ ಕಪ್ಪು ಪಟ್ಟೆಗಳು ಓಡಾಡಿದವು. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಅಂದರೆ ಸೆಕೆಂಡಿಗೆ 50 ಆವರ್ತ; ಒಂದೊಂದು ಆವರ್ತಕ್ಕೂ ಎರಡು ಸಲದಂತೆ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರಗಳಂತೆ ಓಡುತ್ತಿದ್ದ ಫೋನಿಗೆ ಅದರ ತಾಳ ಹೊಂದುತ್ತಿರಲಿಲ್ಲ. 25 ಫ್ರೇಮ್, 1/50 ಶಟರ್ (ಪ್ರತಿ ಫ್ರೇಮೂ ಬೆಳಕು ಹಿಡಿಯುವ ಹೊತ್ತು ಸೆಕೆಂಡಿನ 50ನೇ ಒಂದು ಭಾಗ) ಎಂದು ಬದಲಿಸಿದ ಕೂಡಲೇ ಪಟ್ಟೆಗಳು ಮಾಯವಾದವು. ಅದು ಅರ್ಧ ಗಂಟೆಯ ಕೆಲಸ. ಸದ್ದು ಮಾತ್ರ ನಮ್ಮ ಮೂರು ದಿನಗಳನ್ನು ನುಂಗಿತು.

ಯಂತ್ರಗಳ ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ನಟಿಸುವವರ ಜೇಬಿನಲ್ಲಿ, ಬಾಯಿಗೆ ಆದಷ್ಟು ಹತ್ತಿರವಾಗಿ, ಇನ್ನೊಂದು ಫೋನಿಟ್ಟು ಧ್ವನಿಯನ್ನು ಬೇರೆಯಾಗಿ ಹಿಡಿದೆವು. ಪ್ರತಿ ಟೇಕಿನ ಆರಂಭದಲ್ಲಿ ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿದರೆ, ಅಂಗೈಗಳು ಕೂಡುವ ಫ್ರೇಮನ್ನೂ ಧ್ವನಿಯ ಗೆರೆ ಚಿಮ್ಮುವ ಜಾಗವನ್ನೂ ಎಡಿಟಿಂಗ್‌ನಲ್ಲಿ ಜೋಡಿಸಬಹುದು. ಸಿನಿಮಾದವರು ಟೇಕಿನ ಆರಂಭದಲ್ಲಿ ಬಡಿಯುವ ಕ್ಲಾಪ್ ಹಲಗೆಯ ಮುಖ್ಯ ಉದ್ದೇಶವೇ ಅದೆಂದು ತಿಳಿದಾಗ, ಅದನ್ನು ಬರಿಯ ಶೃಂಗಾರವೆಂದುಕೊಂಡಿದ್ದ ಹುಡುಗರಿಗೆ ತುಸು ನಿರಾಸೆಯೇ ಆಯಿತು.

ಹೀಗೆ ಮಾತು ಸ್ಪಷ್ಟವಾಗಿ ಕೇಳಿಸತೊಡಗಿದ ಮೇಲೆ ಇನ್ನೊಂದು ದೋಷ ಬಯಲಾಯಿತು. ಚಿತ್ರದಲ್ಲಿ ಮಗ ತಂದೆಗೆ, "ಅಪ್ಪಾ, ನೀವು ನನ್ನ ಕನಸುಗಳನ್ನು ಅರ್ಥ ಮಾಡಿಕೊಳ್ಳುತ್ತಿಲ್ಲ" ಎನ್ನುತ್ತಿದ್ದ. ಮನೆಯಲ್ಲಿ ಹೀಗೆಯೇ ಮಾತನಾಡುತ್ತೀಯಾ ಎಂದು ಆ ಪಾತ್ರದ ಹುಡುಗನನ್ನು ನಾನು ಕೇಳಿದಾಗ ಇಡೀ ಗುಂಪು ನಕ್ಕಿತು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಓಣಿಯಲ್ಲಿ ಓಡಾಡುವ ಈ ಊರಿನ ಮಕ್ಕಳು ಬರೆಯಲು ಕುಳಿತರೆ ಮಾತ್ರ ಟಿ.ವಿ. ಧಾರಾವಾಹಿಯ ಕನ್ನಡಕ್ಕೆ ಜಾರಿಬಿಡುತ್ತಾರೆ. ವಕೀಲಿಕೆ ಮಾಡುತ್ತಲೇ ತೆಲುಗು, ಕನ್ನಡ, ಇಂಗ್ಲಿಷ್ ನಾಟಕಗಳಲ್ಲಿ ನಟಿಸಿದ ಬಳ್ಳಾರಿ ರಾಘವ (1880–1946) ಅವರ ಊರಿನಲ್ಲಿ ಈ ಸಂಕೋಚಕ್ಕೆ ಕಾರಣವಿಲ್ಲವೆಂದು ನನ್ನ ಅನಿಸಿಕೆ. ಮರುದಿನ ಸಂಭಾಷಣೆ "ನನ್ ಮಾತು ಒಂದೀಟು ಕೇಳಪ್ಪ" ಎಂದಷ್ಟೇ ಆಯಿತು, ತಂದೆಯ ಉತ್ತರ ತೆಲುಗಿನಲ್ಲಿ ಬಂತು.

ಕೊನೆಗೆ ಉಳಿದದ್ದು ಹಿನ್ನೆಲೆಯ ಸದ್ದು. ಶಾಟಿನಿಂದ ಶಾಟಿಗೆ ಅದು ಜಿಗಿಯದಂತಿರಬೇಕಾದರೆ, ಯಾರೂ ಮಾತನಾಡದೆ ಆ ಜಾಗದ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟುಕೊಂಡು ಸಂಭಾಷಣೆಯ ಅಡಿಯಲ್ಲಿ ಹಾಸಬೇಕು. ಆ ಒಂದು ನಿಮಿಷ ಸುಮ್ಮನಿರುವುದು ಮಕ್ಕಳಿಗೆ ಎಷ್ಟು ಕಷ್ಟವಾಯಿತೆಂದರೆ, ನಾಲ್ಕು ಸಲ ನಗು ನುಗ್ಗಿ ಕೆಟ್ಟು ಐದನೆಯದು ಉಳಿಯಿತು.

ಕೊನೆಯ ದಿನ ಬಿಳಿ ಪಂಚೆಯನ್ನೇ ತೆರೆಯಾಗಿ ಕಟ್ಟಿ, ಪೋಷಕರನ್ನು ಕರೆದು ತೋರಿಸಿದೆವು. ಚಿತ್ರ ಮುಗಿದು ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಆ ಟೈಲರ್ ಮಾತ್ರ ಮಗನನ್ನು ಹತ್ತಿರ ಕರೆದು, ನಡುವೆ ಟಪ್ ಟಪ್ ಎನ್ನುತ್ತಿದ್ದ ಮಿಷನ್ ಯಾವುದು, ಅದರ ಸೂಜಿ ಮೊಂಡಾಗಿದೆ ಎಂದು ವಿಚಾರಿಸುತ್ತಿದ್ದರು.